ಆಳದ ಬಾವಿಯೊಳಗೊಂದು ನಗರ

ಟರ್ಕಿಯ ಕಪಡೋಕಿಯಾ ಸೀಮೆಯಲ್ಲಿ ಡೆರಿಂಕುಯು ಅನ್ನೋ ಊರಿದೆ. ಹಾಗೆಂದರೆ ಆಳದ ಬಾವಿ. 1963ರಲ್ಲಿ ಅಲ್ಲಿಯವರೊಬ್ಬರು ಮನೆ ರಿಪೇರಿಗೆಂದು ಗೋಡೆ ಒಡೆದರು. ಹಿಂದೆ ಒಂದು ಕೋಣೆ, ಅದರಾಚೆ ಸುರಂಗ. ಇಳಿಯುತ್ತಾ ಹೋದರೆ ಸುಮಾರು 85 ಮೀಟರ್ ಆಳದವರೆಗೂ ಹಬ್ಬಿದ ನಗರ! ದನಕುರಿಗಳ ಕೊಟ್ಟಿಗೆ, ಉಗ್ರಾಣ, ಅಡುಗೆಮನೆ, ದ್ರಾಕ್ಷಿ ಹಿಂಡುವ ತೊಟ್ಟಿ, ಚರ್ಚು ಎಲ್ಲವೂ ಇದ್ದವು. ಸುಮಾರು 20,000 ಜನ ಅಲ್ಲಿ ತಂಗಬಹುದಿತ್ತು ಎಂಬ ಅಂದಾಜಿದೆ.

ಉಳಿ, ಗುದ್ದಲಿಯಲ್ಲಿ ಇದು ಸಾಧ್ಯವಾಗಿದ್ದು ಅಲ್ಲಿನ ಕಲ್ಲಿನ ಗುಣದಿಂದ. ಲಕ್ಷಾಂತರ ವರ್ಷಗಳ ಹಿಂದೆ ಸುತ್ತಲಿನ ಜ್ವಾಲಾಮುಖಿಗಳು ಉಗುಳಿದ ಬೂದಿ ಪದರಪದರವಾಗಿ ಕೂತು ಕಲ್ಲಾಯಿತು. ಅದೇ ಟಫ್. ಹೊಸದಾಗಿ ಕಡಿಯುವಾಗ ಮೆತ್ತಗಿರುತ್ತದೆ. ಗಾಳಿ ತಾಕಿ ತೇವ ಆರಿದಂತೆ ಮೇಲ್ಮೈ ಬಿಗಿಯಾಗುತ್ತದೆ.

ಆದರೆ ನನ್ನನ್ನು ಜಾಸ್ತಿ ಕಾಡುವುದು ಉಸಿರಿನ ಪ್ರಶ್ನೆ. ಅಷ್ಟು ಜನ, ಅಷ್ಟು ದನ, ಎಣ್ಣೆ ದೀಪ, ಒಲೆಯ ಹೊಗೆ. ಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ನೆತ್ತಿಯಿಂದ ನೇರ ಕೆಳಕ್ಕೆ ಕಿಂಡಿಗಳನ್ನು ಕೊರೆದಿದ್ದಾರೆ. ದೊಡ್ಡದೊಂದು ಕಿಂಡಿ ಸುಮಾರು 55 ಮೀಟರ್ ಆಳ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ತಣ್ಣನೆ ಗಾಳಿ ಇಳಿಯುತ್ತದೆ. ಯಂತ್ರ ಬೇಕಿಲ್ಲ. ಅದೇ ಕಿಂಡಿ ಬಾವಿಯೂ ಹೌದು. ಇನ್ನು ಕೆಲವು ಬಾವಿಗಳಿಗೆ ಮೇಲಿನಿಂದ ಬಾಯಿಯೇ ಇಲ್ಲ. ಶತ್ರು ವಿಷ ಸುರಿಯಬಾರದಲ್ವಾ, ಅದಕ್ಕೇ ಹೀಗೆ ಮಾಡಿರಬೇಕು ಎನ್ನುತ್ತಾರೆ.

ಓಣಿಗಳಿಗೆ ಬೀಸುಕಲ್ಲಿನಂಥ ದುಂಡು ಬಾಗಿಲು. ಒಳಗಿನಿಂದ ಉರುಳಿಸಿ ಮುಚ್ಚಿದರೆ ಹೊರಗಿನವರಿಗೆ ಹಿಡಿದೆಳೆಯಲು ಏನೂ ಸಿಗುವುದಿಲ್ಲ. ಓಣಿಗಳೂ ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು ಬಗ್ಗಿಯೇ ನಡೆಯಬೇಕು. ನುಗ್ಗಿ ಬಂದವರನ್ನು ತಡೆಯಲು ಕೆಲವರಿದ್ದರೂ ಸಾಕು. ಕೆಲವು ಕಿಲೋಮೀಟರ್ ದೂರದ ಕಾಯ್ಮಾಕ್ಲಿ ಎಂಬ ಇನ್ನೊಂದು ನೆಲದಡಿಯ ಊರಿಗೂ ಇಲ್ಲಿಂದ ಸುರಂಗವಿತ್ತಂತೆ.

ಮೊದಲು ಕೊರೆದವರು ಯಾರೆಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಬೈಜಾಂಟಿಯನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದ ಕ್ರೈಸ್ತರು ಅರಬ್ ದಾಳಿಗಳಿಗೆ ಹೆದರಿ ಇದನ್ನು ತುಂಬಾ ಹಿಗ್ಗಿಸಿದರು. ಇಂಥ ನೆಲಮನೆಗಳ ಬಳಕೆ ಅಲ್ಲಿಗೇ ನಿಲ್ಲಲಿಲ್ಲ. 1909ರಲ್ಲಿ ದಕ್ಷಿಣದ ಅದಾನಾ ಪಟ್ಟಣದಲ್ಲಿ ಆರ್ಮೇನಿಯನ್ ಕ್ರೈಸ್ತರ ಹತ್ಯಾಕಾಂಡ ನಡೆದ ಸುದ್ದಿ ಬಂದಾಗ ಈ ಸೀಮೆಯ ಒಂದು ಗ್ರೀಕ್ ಹಳ್ಳಿಯವರು ರಾತ್ರಿ ಮೇಲೆ ಮಲಗಲು ಹೆದರಿ ನೆಲದಡಿಗೆ ಇಳಿದರು. 1923ರಲ್ಲಿ ಗ್ರೀಸ್ ತನ್ನಲ್ಲಿದ್ದ ಮುಸ್ಲಿಮರನ್ನೂ ಟರ್ಕಿ ತನ್ನಲ್ಲಿದ್ದ ಗ್ರೀಕ್ ಕ್ರೈಸ್ತರನ್ನೂ ಅದಲುಬದಲು ಮಾಡಿಕೊಂಡವು. ಡೆರಿಂಕುಯುವಿನ ಕ್ರೈಸ್ತರೂ ಹೊರಟುಹೋದರು. ಕೆಳಗಿನ ದಾರಿ ಬಲ್ಲವರು ಹೋದ ಮೇಲೆ, ಆ ಗೋಡೆ ಒಡೆಯಲು 40 ವರ್ಷ ಬೇಕಾಯಿತು.