ವಾರೋ ಚಿತ್ರಗಳ ಪಾಚಿ ಬೆಳೆಸಿದ್ದು ಗಾಳಿ

ಸ್ಪೇನಿನಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ನೆಲೆಸಿದ ಚಿತ್ರಕಾರ್ತಿ ರೆಮೆಡಿಯೋಸ್ ವಾರೋ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ಆಕೆ ಕನಸುಗಳನ್ನು ಚಿತ್ರಿಸಿದರು, ಸುಪ್ತ ಮನಸ್ಸು ನುಡಿದದ್ದನ್ನು ಕೈ ಬರೆಯಿತು. ಇನ್ನೂ ಮುಂದೆ ಹೋಗಿ ಆಕೆಯನ್ನು ಮಾಂತ್ರಿಕಳೆಂದೇ ಕರೆಯುವವರಿದ್ದಾರೆ. ರಸವಿದ್ಯೆ, ಭವಿಷ್ಯ ಹೇಳುವ ಟ್ಯಾರೋ ಎಲೆಗಳು, ಅಧ್ಯಾತ್ಮ ಗುರು ಗುರ್ಜೀಫ್‌ನ ಬೋಧನೆ ಇವುಗಳಲ್ಲಿ ಆಕೆಗೆ ಆಸಕ್ತಿ ಇದ್ದದ್ದು ನಿಜ. ಆದರೆ ಆ ಚಿತ್ರಗಳ ಪಾಚಿಗಟ್ಟಿದ ಗೋಡೆ, ಕವಲೊಡೆದ ಕಾಡು, ಮಂಜು ಹೊತ್ತ ಕಣಿವೆ ಮೂಡಿದ್ದು ಮಂತ್ರದಿಂದಲ್ಲ. ದ್ರವಗಳ ಭೌತವಿಜ್ಞಾನದಿಂದ. ಅದನ್ನು ಅರಿತರೆ ಆ ಚಿತ್ರಗಳ ಬೆರಗು ಇನ್ನಷ್ಟು ಹೆಚ್ಚುತ್ತದೆ.

ವಾರೋ ಹುಟ್ಟಿದ್ದು 1908ರ ಡಿಸೆಂಬರ್ 16ರಂದು, ಸ್ಪೇನಿನ ಕ್ಯಾಟಲೋನಿಯ ಪ್ರಾಂತ್ಯದ ಆಂಗ್ಲೆಸ್ ಊರಿನಲ್ಲಿ. ತಂದೆ ಜಲ ಎಂಜಿನಿಯರ್. ಕೆಲಸದ ನಿಮಿತ್ತ ಸ್ಪೇನ್, ಉತ್ತರ ಆಫ್ರಿಕಾ ಎಂದು ಕುಟುಂಬ ಸುತ್ತುತ್ತಿತ್ತು. ಮಗಳ ಕೈಗೆ ಅವರು ಕೊಟ್ಟದ್ದು ತಮ್ಮ ನಕ್ಷೆಗಳನ್ನು. ಸ್ಕೇಲು, ಕೈವಾರ ಹಿಡಿದು ಅವುಗಳ ಪ್ರತಿ ತೆಗೆಯುವುದೇ ಆಕೆಯ ಮೊದಲ ಚಿತ್ರಕಲಾ ಪಾಠ. 1924ರಲ್ಲಿ ಮ್ಯಾಡ್ರಿಡ್‌ನ ಸ್ಯಾನ್ ಫರ್ನಾಂಡೊ ಅಕಾಡೆಮಿ ಸೇರುವ ಹೊತ್ತಿಗೆ ಗೆರೆಯ ಶಿಸ್ತು ಕೈಗೆ ಹತ್ತಿತ್ತು. ಮುಂದೆ ಆಕೆ ಬರೆದ ವಿಚಿತ್ರ ವಾಹನಗಳ ರಾಟೆ, ಹಲ್ಲುಚಕ್ರ, ದಾರಗಳನ್ನು ಗಮನಿಸಿ: ಯಾವುದು ಯಾವುದನ್ನು ಎಳೆಯುತ್ತದೆ ಎಂದು ಬೆರಳಿಟ್ಟು ತೋರಿಸಬಹುದು.

1930ರ ದಶಕದ ಬಾರ್ಸಿಲೋನಾದಲ್ಲಿ, 1937ರಿಂದ ಪ್ಯಾರಿಸ್‌ನಲ್ಲಿ, ಆಕೆ ಕನಸು, ಸುಪ್ತ ಮನಸ್ಸಿಗೆ ದನಿ ಕೊಡಲು ಹೊರಟ ಅತಿವಾಸ್ತವವಾದಿಗಳ (ಸರ್ರಿಯಲಿಸ್ಟರ) ಬಳಗದಲ್ಲಿದ್ದರು. ಆ ಕಾಲದ ಚಿತ್ರಗಳು ಚದುರಿದಂತಿವೆ. ಗೆಳೆಯರ ಶೈಲಿಯ ಛಾಯೆಯೇ ಹೆಚ್ಚು. ಆದರೆ ಆ ಬಳಗದಿಂದ ಆಕೆ ಪಡೆದ ಒಂದು ತಂತ್ರ ಕೊನೆಯವರೆಗೂ ಜೊತೆಗಿತ್ತು. ಅದೇ ಡೆಕಾಲ್ಕೊಮೇನಿಯ. ಕ್ಯಾನರಿ ದ್ವೀಪದ ಚಿತ್ರಕಾರ ಓಸ್ಕರ್ ಡೊಮಿಂಗೆಸ್ 1930ರ ದಶಕದ ನಡುವಿನಲ್ಲಿ ಗ್ವಾಶ್ ಎಂಬ ದಟ್ಟ ಜಲವರ್ಣ ಬಳಿದ ಕಾಗದದ ಮೇಲೆ ಇನ್ನೊಂದು ಕಾಗದ ಒತ್ತಿ ಎತ್ತಿದ. ಕೆಳಗೆ ಹವಳದಂಥ, ಕಾಡಿನಂಥ ಕವಲುಗಳು ಮೂಡಿದ್ದವು. ಅದೇ ಪಂಥದ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಅದನ್ನು ಎಣ್ಣೆಬಣ್ಣಕ್ಕೆ ತಂದ.

ಕವಲು ಏಕೆ ಒಡೆಯುತ್ತದೆ? ಎರಡು ಗಾಜಿನ ತುಂಡುಗಳ ನಡುವೆ ಒಂದಿಷ್ಟು ಜೋನಿ ಬೆಲ್ಲ ಒತ್ತಿ, ಮೇಲಿನದನ್ನು ನೇರಕ್ಕೆ ಎತ್ತಿ ನೋಡಿ. ಎತ್ತಿದಂತೆ ನಡುವಿನ ಜಾಗ ಹಿಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಅಂಚಿನಿಂದ ಗಾಳಿ ನುಗ್ಗುತ್ತದೆ. ಗಾಳಿಯ ಸ್ನಿಗ್ಧತೆ, ಅಂದರೆ ಹರಿವಿಗೆ ಒಡ್ಡುವ ತಡೆ, ತೀರಾ ಕಡಿಮೆ, ಬೆಲ್ಲದ್ದು ಬಹಳ ಹೆಚ್ಚು. ಅಂಚಿನಲ್ಲಿ ಎಲ್ಲೋ ಒಂದು ಕಡೆ ಗಾಳಿ ಕೂದಲೆಳೆಯಷ್ಟು ಮುಂದೆ ಹೋಯಿತೆನ್ನಿ. ಆ ಜಾಗದಲ್ಲಿ ಅದು ತಳ್ಳಬೇಕಾದ ದ್ರವ ಅಕ್ಕಪಕ್ಕದಲ್ಲಿ ಇರುವುದಕ್ಕಿಂತ ಕಡಿಮೆ. ಹಾಗಾಗಿ ಅದು ಇನ್ನೂ ಬೇಗ ಮುಂದೆ ಸಾಗುತ್ತದೆ. ಮುಂದಿದ್ದದ್ದು ಮತ್ತಷ್ಟು ಮುಂದಾಗುತ್ತದೆ, ಹಿಂದುಳಿದದ್ದು ಅಲ್ಲೇ ನಿಲ್ಲುತ್ತದೆ. ಹೀಗೆ ಗಾಳಿ ಬೆರಳು ಬೆರಳಾಗಿ ಒಳಗೆ ಹೋಗುತ್ತದೆ; ಬೆರಳುಗಳ ನಡುವೆ ಉಳಿದ ದ್ರವವೇ ನಮಗೆ ಕೊಂಬೆಯಾಗಿ ಕಾಣುತ್ತದೆ. ಇದಕ್ಕೆ ಎದುರಾಗಿ ಕೆಲಸ ಮಾಡುವುದು ಮೇಲ್ಮೈ ಎಳೆತ. ಅದು ಅಂಚನ್ನು ನುಣುಪಾಗಿಡಲು ನೋಡುತ್ತದೆ, ತೀರಾ ಸಣ್ಣ ಬೆರಳುಗಳನ್ನು ಅಳಿಸಿಹಾಕುತ್ತದೆ. ಈ ಎರಡರ ಜಗ್ಗಾಟದಲ್ಲಿ ಕೊಂಬೆಗಳ ನಡುವಿನ ಅಂತರ ನಿರ್ಧಾರವಾಗುತ್ತದೆ.

ಇಂಗ್ಲೆಂಡಿನ ಸ್ಯಾಫ್‌ಮನ್ ಮತ್ತು ಟೇಲರ್ 1958ರಲ್ಲಿ ಇದರ ಗಣಿತವನ್ನು ಪ್ರಕಟಿಸಿದರು. ಅವರ ಮುಂದಿದ್ದದ್ದು ಕಲೆಯ ಪ್ರಶ್ನೆಯಲ್ಲ, ಬಂಡೆಯ ರಂಧ್ರಗಳಲ್ಲಿರುವ ಗಟ್ಟಿ ತೈಲವನ್ನು ನೀರು ತಳ್ಳಿದಾಗ ಏನಾಗುತ್ತದೆ ಎಂಬುದು. ಪ್ರಯೋಗಕ್ಕೆ ಅವರು ಬಳಸಿದ, ಕಿರಿದಾದ ಸಂದಿಯಿಟ್ಟು ಜೋಡಿಸಿದ ಎರಡು ಗಾಜಿನ ಸಾಧನ ಹೀಲ್-ಶಾ ಎಂಬ ಎಂಜಿನಿಯರ್ 1898ರಲ್ಲಿ ರೂಪಿಸಿದ್ದು. ಅಂದರೆ ಭೌತವಿಜ್ಞಾನಿಗಳು ಸೂತ್ರ ಬರೆಯುವುದಕ್ಕೆ ಎರಡು ದಶಕ ಮೊದಲೇ ಚಿತ್ರಕಾರರು ಅದೇ ಪ್ರಯೋಗವನ್ನು ಕಾಗದದ ಮೇಲೆ ಮಾಡಿ ಮುಗಿಸಿದ್ದರು.

ಆ ಗಣಿತ ಹೇಳುವುದಿಷ್ಟು: ಬಣ್ಣದ ಪದರ ತೆಳುವಾದಷ್ಟೂ ಕವಲು ನವುರು. ಬಣ್ಣ ಗಟ್ಟಿಯಾದರೆ, ಗಾಳಿ ವೇಗವಾಗಿ ನುಗ್ಗಿದರೆ ಆಗಲೂ ನವುರು. ಆದರೆ ಅಲ್ಲಿ ವರ್ಗಮೂಲದ ಲೆಕ್ಕ. ಪದರ 0.1 ಮಿ.ಮೀ., ಬಣ್ಣದ ಸ್ನಿಗ್ಧತೆ ನೀರಿನ 10,000 ಪಟ್ಟು, ಗಾಳಿಯ ವೇಗ ಸೆಕೆಂಡಿಗೆ 1 ಮಿ.ಮೀ. ಎಂದಿಟ್ಟುಕೊಂಡರೆ ಬೆರಳುಗಳ ಅಂತರ ಸುಮಾರು ಅರ್ಧ ಮಿ.ಮೀ. ಬರುತ್ತದೆ. ವೇಗ ನಾಲ್ಕು ಪಟ್ಟಾದರೆ ಅದರರ್ಧ. ಟರ್ಪೆಂಟೈನ್ ಸುರಿದು ಸ್ನಿಗ್ಧತೆಯನ್ನು ನೂರನೇ ಒಂದು ಭಾಗಕ್ಕೆ ಇಳಿಸಿದರೆ ಅಂತರ ಹತ್ತು ಪಟ್ಟು ಹಿಗ್ಗಿ 5 ಮಿ.ಮೀ. ದಾಟುತ್ತದೆ, ಪಾಚಿ ಹೋಗಿ ಕೊಚ್ಚೆಯ ಕಲೆ ಉಳಿಯುತ್ತದೆ.

ಮಾಡಿ ನೋಡುವವರಿಗೆ ಹಲಗೆಯೇ ಮುಖ್ಯ. ವಾರೋ ಹೆಚ್ಚಾಗಿ ಬಳಸಿದ್ದು ಮೇಸನೈಟ್ ಎಂಬ ಒತ್ತುಹಲಗೆ, ಅದರ ಮೇಲೆ ಬಿಳಿ ಜೆಸ್ಸೊ ಲೇಪ. ಜೆಸ್ಸೊ ಒರಟಾಗಿದ್ದರೆ ಅಥವಾ ಎಣ್ಣೆ ಹೀರುತ್ತಿದ್ದರೆ ಕವಲು ಮೂಡುವ ಮೊದಲೇ ಬಣ್ಣ ಕಚ್ಚಿಕೊಂಡುಬಿಡುತ್ತದೆ. ಆದ್ದರಿಂದ ನುಣ್ಣಗೆ ಉಜ್ಜಿ, ತೆಳುವಾದ ತಳಬಣ್ಣ ಕೊಟ್ಟು, ಅದು ಪೂರ್ತಿ ಒಣಗುವವರೆಗೆ ಕಾಯಬೇಕು. 10 ಸೆಂ.ಮೀ. ಚೌಕಕ್ಕೆ 1 ಮಿ.ಲೀ. ಬಣ್ಣ ಸಾಕು, 0.1 ಮಿ.ಮೀ. ಪದರವಾಗುತ್ತದೆ. ಮೇಲೆ ಒತ್ತುವ ಹಾಳೆ ನಯವಾಗಿರಲಿ, ಹೀರದಿರಲಿ. ನಡುವಿನಿಂದ ಅಂಚಿಗೆ ಒತ್ತಿ. ಇಲ್ಲದಿದ್ದರೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ದುಂಡನೆಯ ತೂತುಗಳಾಗುತ್ತವೆ. ಎತ್ತುವಾಗ ಪಕ್ಕಕ್ಕೆ ಒಂದಿಷ್ಟು ಜಾರಿದರೂ ಕೊಂಬೆಗಳೆಲ್ಲ ಉಜ್ಜಿಹೋಗುತ್ತವೆ. ಮೂಡಿದ ಕೊಂಬೆ ಕುಸಿಯದೆ ನಿಲ್ಲುವುದು ಬಣ್ಣದ ಪುಡಿ ದಟ್ಟವಾಗಿರುವುದರಿಂದ: ಒಂದು ಮಿತಿಗಿಂತ ಕಡಿಮೆ ಬಲಕ್ಕೆ ಅಂಥ ಬಣ್ಣ ಹರಿಯುವುದೇ ಇಲ್ಲ. ಎಣ್ಣೆ ಜಾಸ್ತಿಯಾಯಿತೋ, ಕೆಲವೇ ನಿಮಿಷಗಳಲ್ಲಿ ಎಲ್ಲ ಸಮತಟ್ಟು.

ಈ ತಂತ್ರ ಆಕೆಯ ಕೈಯಲ್ಲಿ ಫಲ ಕೊಡಲು ಬಹಳ ವರ್ಷ ಹಿಡಿಯಿತು. ನಾಜಿ ಸೇನೆ ಫ್ರಾನ್ಸಿಗೆ ನುಗ್ಗಿದ ಮೇಲೆ ಆಕೆ ಮತ್ತು ಕವಿ ಬೆಂಜಮಿನ್ ಪೆರೆ ಮಾರ್ಸೇಲ್‌ಗೆ ಓಡಿದರು. 1941ರ ಕೊನೆಯಲ್ಲಿ ಕಾಸಾಬ್ಲಾಂಕಾದಿಂದ ಹಡಗು ಹತ್ತಿ ಮೆಕ್ಸಿಕೋ ಸೇರಿದರು. ಹೊಟ್ಟೆಪಾಡಿಗೆ ಪೀಠೋಪಕರಣಗಳಿಗೆ ಬಣ್ಣ ಹಚ್ಚಿದರು, ಪ್ರಾಚೀನ ಮಡಕೆಗಳನ್ನು ದುರಸ್ತಿ ಮಾಡಿದರು, ಬೇಯರ್ ಔಷಧ ಕಂಪನಿಗೆ ಜಾಹೀರಾತು ಚಿತ್ರ ಬರೆದು ತಾಯಿಯ ಮನೆತನದ ‘ಉರಾಂಗಾ’ ಹೆಸರಿನಲ್ಲಿ ಸಹಿ ಹಾಕಿದರು. 1947ರ ಕೊನೆಗೆ ವೆನೆಜುವೆಲಾಕ್ಕೆ ಹೋದರು. ವೈದ್ಯರಾಗಿದ್ದ ಅಣ್ಣ ಅಲ್ಲಿದ್ದರು. ಮಲೇರಿಯಾ ನಿಯಂತ್ರಣ ಕಾರ್ಯಕ್ಕಾಗಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಂಡಂತೆಯೇ ಬರೆದುಕೊಡುವ ಕೆಲಸ ಮಾಡಿದರು. 1949ರಲ್ಲಿ ಮೆಕ್ಸಿಕೋಗೆ ಮರಳಿದ ಮೇಲೆ ಬರೆದ ಚಿತ್ರಗಳ ಕೂದಲೆಳೆಯಂಥ ಗೆರೆಗಳನ್ನು ನೋಡಿದಾಗ, ಈ ದುಡಿಮೆಯ ವರ್ಷಗಳನ್ನು ‘ಕಳೆದುಹೋದ ಕಾಲ’ ಎನ್ನುವ ವಿಮರ್ಶಕರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಆಸ್ಟ್ರಿಯಾದಿಂದ ಬಂದ ನಿರಾಶ್ರಿತ, ಸಂಗೀತದ ಅಂಗಡಿ ನಡೆಸುತ್ತಿದ್ದ ವಾಲ್ಟರ್ ಗ್ರುಯೆನ್ ಜೊತೆಯಾದ ಮೇಲೆ ಆಕೆ ಪೂರ್ಣಾವಧಿ ಚಿತ್ರಕಾರರಾದರು. ಮೊದಲ ಏಕವ್ಯಕ್ತಿ ಪ್ರದರ್ಶನ 1956ರಲ್ಲಿ, ಮೆಕ್ಸಿಕೋ ನಗರದ ಗ್ಯಾಲರಿಯಾ ಡಯಾನಾದಲ್ಲಿ. ಆಗ ವಯಸ್ಸು 47. ಈಗ ಕೆಲಸದ ಕ್ರಮ ಬೇರೆಯಾಗಿತ್ತು. ಮೊದಲು ಟ್ರೇಸಿಂಗ್ ಕಾಗದದಲ್ಲಿ ಪೂರ್ಣ ವಿನ್ಯಾಸ, ಅದನ್ನು ಹಲಗೆಗೆ ಇಳಿಸುವುದು, ಗೋಡೆ ಕಾಡುಗಳಿಗೆ ಮಾತ್ರ ಡೆಕಾಲ್ಕೊಮೇನಿಯ, ಉಳಿದದ್ದೆಲ್ಲ ಸಣ್ಣ ಕುಂಚ, ಬಟ್ಟೆಯ ಮಿನುಗಿಗೆ ಹಸಿ ಬಣ್ಣದಲ್ಲಿ ಗೀರುವುದು. 1955ರ ‘ಕೊಳಲುಗಾರ’ ಚಿತ್ರದ ಮುಖಕ್ಕೆ ಮುತ್ತಿನ ಚಿಪ್ಪನ್ನೇ ಕೂರಿಸಿದ್ದಾರೆ. ಆಕಸ್ಮಿಕಕ್ಕೆ ಎಷ್ಟು ಜಾಗ ಬಿಡಬೇಕೆಂದು ಮೊದಲೇ ಗೆರೆ ಎಳೆದಿಟ್ಟ ಈ ವಿಧಾನವನ್ನು ಸುಪ್ತ ಮನಸ್ಸಿನ ಬರಹ ಎನ್ನುವುದು ಹೇಗೆ?

ವಿಷಯಗಳೂ ಪ್ರಯೋಗಾಲಯದ ಕಡೆ ವಾಲಿದವು. 1961ರ ‘ಹಟಮಾರಿ ಗಿಡ’ದಲ್ಲಿ ವಿಜ್ಞಾನಿಯ ಸಸ್ಯಗಳೆಲ್ಲ ಗಣಿತದ ಸೂತ್ರಗಳಾಗಿ ಕೊಂಬೆ ಬಿಡುತ್ತವೆ, ಒಂದು ಮಾತ್ರ ಹೂವನ್ನೇ ಬಿಡುತ್ತೇನೆಂದು ಹಟ ಹಿಡಿದಿದೆ. ಅದರಲ್ಲಿರುವ ಒಂದೇ ಒಂದು ಬಡಕಲು ಗಣಿತದ ಕೊಂಬೆ ಎರಡು ಮತ್ತು ಎರಡು ಸೇರಿದರೆ ಹೆಚ್ಚುಕಡಿಮೆ ನಾಲ್ಕು ಎನ್ನುತ್ತದೆಂದು ಆಕೆಯೇ ವಿವರಿಸಿದ್ದಾರೆ. 1963ರ ‘ತೂಕರಹಿತತೆಯ ವಿದ್ಯಮಾನ’ದಲ್ಲಿ ಭೂಮಿ ತನ್ನ ಅಕ್ಷದಿಂದ ತಪ್ಪಿಸಿಕೊಂಡಿದೆ, ಖಗೋಳಜ್ಞನ ಒಂದು ಕಾಲು ಒಂದು ಆಯಾಮದಲ್ಲಿ, ಇನ್ನೊಂದು ಕಾಲು ಬೇರೊಂದರಲ್ಲಿ. ಅದೇ ವರ್ಷದ ‘ಮರಳಿ ಜೀವ ತಳೆಯುವ ಸ್ಥಿರಚಿತ್ರ’ದಲ್ಲಿ ಮನುಷ್ಯರೇ ಇಲ್ಲ: ಮೇಣದ ಬತ್ತಿಯ ಸುತ್ತ ತಟ್ಟೆಗಳೂ ಹಣ್ಣುಗಳೂ ಗ್ರಹಗಳಂತೆ ಸುತ್ತುತ್ತವೆ, ಹಣ್ಣುಗಳು ಡಿಕ್ಕಿಯಾಗಿ ಒಡೆಯುತ್ತವೆ, ಕೆಳಗೆ ಬಿದ್ದ ಬೀಜಗಳು ಚಿಗುರುತ್ತವೆ. 1963ರ ಅಕ್ಟೋಬರ್ 8ರಂದು ಹೃದಯಾಘಾತದಿಂದ ತೀರಿಕೊಂಡಾಗ ವಾರೋಗೆ 54 ವರ್ಷ.

ಅವರ ಚಿತ್ರಗಳ ದೊಡ್ಡ ಸಂಗ್ರಹ ಮೆಕ್ಸಿಕೋ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಮೂಲವನ್ನೋ ಒಳ್ಳೆಯ ಮುದ್ರಣವನ್ನೋ ನೋಡುವಾಗ ಪಾಚಿಯಿರುವ ಜಾಗಕ್ಕೆ ಕಣ್ಣು ಹತ್ತಿರ ಒಯ್ಯಿರಿ. ನವುರು ಕವಲಿನ ತುದಿಗಳಿರುವ ಕಡೆ ಗಾಳಿ ಮೊದಲು ನುಗ್ಗಿದೆ, ಹಾಳೆ ಎತ್ತಲು ಶುರುವಾದದ್ದು ಅಲ್ಲಿಂದ. ಎತ್ತುತ್ತ ಹೋದಂತೆ ಸಂದಿ ಹಿಗ್ಗಿ ಬೆರಳುಗಳು ದಪ್ಪವಾಗುತ್ತವೆ, ನಡುವಿನ ಕೊಂಬೆಗಳು ಒಂದಕ್ಕೊಂದು ಸೇರಿ ಕಾಂಡವಾಗುತ್ತವೆ. ಕಾಂಡ ದಪ್ಪಗಿರುವ ಕಡೆಯೇ ಹಾಳೆ ಕೊನೆಗೆ ಹಲಗೆಯನ್ನು ಬಿಟ್ಟದ್ದು.