ಅಬಕಾರಿ ಆಫೀಸರ್ ಬರೆದ ಪುಸ್ತಕ, ಮಂಡಕ್ಕಿ ಅಂಗಡಿ ಲೆಕ್ಕ

ಆಗಸ್ಟ್ ಹತ್ರ ಬಂತು ಅಂದ್ರೆ ನಮ್ಮ ಗ್ರೂಪಿಗೆ ಒಂದು ಫಾರ್ವರ್ಡ್ ಗ್ಯಾರಂಟಿ. ಒಂದೇ ಒಂದು ಪುಸ್ತಕ ಅಮೆರಿಕಕ್ಕೆ ಸ್ವಾತಂತ್ರ್ಯ ಕೊಡಿಸ್ತು, ಐದು ಲಕ್ಷ ಕಾಪಿ ಖರ್ಚಾಯ್ತು, ಓದಿದೋರೆಲ್ಲ ಎದ್ದು ನಿಂತ್ರು, ಕೆಳಗೆ ಎರಡು ಕೈ ಮುಗಿಯೋ ಚಿತ್ರ. ಈ ಸಲ ಅದು ಬಂದಾಗ ದಾವಣಗೆರೆಲಿ ಮಂಡಕ್ಕಿ ಮೆಣಸಿನಕಾಯಿ ತಿಂತಾ ಕೂತಿದ್ದೆ, ಪೊಟ್ಟಣದ ಪೇಪರ್ ಕೈಲೇ ಇತ್ತು, ಪೆನ್ನೂ ಇತ್ತು, ಲೆಕ್ಕ ಹಾಕೇಬಿಟ್ಟೆ.

ಪುಸ್ತಕ ಥಾಮಸ್ ಪೇಯ್ನ್ ಬರೆದ 'ಕಾಮನ್ ಸೆನ್ಸ್', ಅಮೆರಿಕಕ್ಕೆ ಇಂಗ್ಲೆಂಡಿನ ರಾಜನೇ ಬೇಡ ಅಂತ ವಾದಿಸೋದು, 1776ರ ಜನವರಿ, ಫಿಲಡೆಲ್ಫಿಯಾ. ಆಗಿನ ಪ್ರೆಸ್ ಅಂದ್ರೆ ಮರದ್ದು, ಒಬ್ಬ ಅಚ್ಚಿನ ಮೊಳೆಗೆ ಮಸಿ ಬಳೀಬೇಕು, ಇನ್ನೊಬ್ಬ ಹಿಡಿಕೆ ಎಳೀಬೇಕು, ಇಬ್ರೂ ಬೆವರು ಸುರಿಸಿದ್ರೆ ಗಂಟೆಗೆ ಹೆಚ್ಚುಕಮ್ಮಿ 200 ಹಾಳೆ, ಅದೂ ಒಂದೇ ಮಗ್ಗುಲು. ಒಂದು ಪುಸ್ತಕಕ್ಕೆ ಐದು ದೊಡ್ಡ ಹಾಳೆ ಅಂತ ಇಟ್ಕೊಳ್ಳಿ, ಎರಡೂ ಮಗ್ಗುಲು ಸೇರಿ ಹತ್ತು ಸಲ ಎಳೀಬೇಕು, ಅಂದ್ರೆ ಗಂಟೆಗೆ 20 ಪುಸ್ತಕ, ಹತ್ತು ಗಂಟೆ ದುಡಿದ್ರೆ ದಿನಕ್ಕೆ 200. ಐದು ಲಕ್ಷಕ್ಕೆ 2,500 ದಿನ, ಒಂದು ಪ್ರೆಸ್ಸಿಗೆ ಏಳು ವರ್ಷದ ಹತ್ತತ್ರ ಕೆಲಸ! ಪ್ರೆಸ್ ಬೇಕಾದಷ್ಟು ಊರಲ್ಲಿದ್ವು, ಒಪ್ತೀನಿ, ಆದ್ರೆ ಆಗ ಬ್ರಿಟಿಷರ ಕೈಲಿದ್ದ ಅಮೆರಿಕದ ಹದಿಮೂರು ವಸಾಹತುಗಳ ಜನಸಂಖ್ಯೆನೇ ಸುಮಾರು 25 ಲಕ್ಷ, ಅದ್ರಲ್ಲಿ ಐದು ಲಕ್ಷದಷ್ಟು ಜನ ಗುಲಾಮರು. ತೊಟ್ಟಿಲಲ್ಲಿರೋ ಕೂಸನ್ನೂ ಸೇರಿಸಿ ಐದು ಜನಕ್ಕೊಂದು ಕಾಪಿ ಅಂದ್ರೆ ಯಾರು ನಂಬ್ತಾರೆ? ಖುದ್ದು ಪೇಯ್ನ್ ಹೇಳ್ಕೊಂಡಿದ್ದೇ 1,20,000, ಅದನ್ನೂ ಇತಿಹಾಸಕಾರರು ಈಗ ಅನುಮಾನದಿಂದ ನೋಡ್ತಾರೆ.

ಹಾಗಾದ್ರೆ ಪುಸ್ತಕ ಏನೂ ಮಾಡ್ಲಿಲ್ವಾ? ಮಾಡ್ತು ಮಾರಾಯ್ರೆ, ಆದ್ರೆ ಕಾಪಿ ಎಣಿಸಿದ್ರೆ ಅದು ಕಾಣಲ್ಲ.

ನಮ್ಮಜ್ಜನ ಊರಿಗೆ ಬರ್ತಿದ್ದಿದ್ದು ಒಂದೇ ಪೇಪರ್. ಅಜ್ಜ ಕಟ್ಟೆ ಮೇಲೆ ಕೂತು ಜೋರಾಗಿ ಓದೋರು, ಇಪ್ಪತ್ತು ಜನ ಬೀಡಿ ಸೇದ್ತಾ ಕೇಳೋರು, ನಡುವೆ ಯಾರೋ "ಹೌದ್ ಬಿಡಜ್ಜ, ಅವ್ರು ಹೇಳದು ಖರೆ ಐತೆ" ಅನ್ನೋರು. ಅಮೆರಿಕದಲ್ಲೂ ಇದೇ ಕಥೆ. ಹೆಂಡದಂಗಡಿಲಿ, ಸೈನಿಕರ ಬಿಡಾರದಲ್ಲಿ ಒಬ್ಬ ಓದೋದು, ಉಳಿದೋರು ಕೇಳೋದು. ಪೇಯ್ನ್ ಬರೆದಿದ್ದೂ ಕಿವಿಗೆ ಅಂತಾನೇ, ಲ್ಯಾಟಿನ್ ಮಾತಿಲ್ಲ, ವಕೀಲರ ಭಾಷೆ ಇಲ್ಲ, ಬೈಬಲ್ ಕಥೆ ಇದೆ, ಬೈಗುಳ ಇದೆ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ. 1978ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞ ಒಂದು ಸರಳ ಲೆಕ್ಕ ಕೊಟ್ಟ. ನಾನು ಅದನ್ನ ನಾಯಕನಹಟ್ಟಿ ತೇರಿಗೆ ಕಟ್ಟಿ ಹೇಳ್ತೀನಿ. ಹಗ್ಗದ ಹತ್ರ ನೂರು ಜನ ಇದಾರೆ. ಮೊದಲನೆಯವ್ನು ಯಾರೂ ಬರದಿದ್ರೂ ಎಳೆಯೋನು. ಎರಡನೆಯವ್ನು, ಒಬ್ಬ ಎಳೀತಿದ್ರೆ ನಾನೂ ಬರ್ತೀನಿ ಅನ್ನೋನು. ಮೂರನೆಯವ್ನಿಗೆ ಇಬ್ಬರು ಕಾಣ್ಬೇಕು, ನಾಲ್ಕನೆಯವ್ನಿಗೆ ಮೂವರು, ಹೀಗೇ ಕೊನೆಯವ್ನಿಗೆ 99 ಜನ. ಏನಾಗುತ್ತೆ? ಒಬ್ಬರ ಹಿಂದೆ ಒಬ್ಬರು ಕೈ ಹಾಕಿ ತೇರು ಹೊರಟೇಬಿಡುತ್ತೆ. ಈಗ ಎರಡನೆಯವ್ನನ್ನ ಮಾತ್ರ ಬದಲಾಯಿಸಿ, ಅವನಿಗೂ ಇಬ್ಬರು ಕಾಣ್ಬೇಕು ಅನ್ಕೊಳ್ಳಿ. ಮೊದಲನೆಯವ್ನು ಒಬ್ಬನೇ ಹಗ್ಗ ಹಿಡ್ಕೊಂಡು ನಿಂತಿರ್ತಾನೆ, ಅಷ್ಟೇ. ನೂರರಲ್ಲಿ ಒಬ್ಬನ ಸ್ವಭಾವ ಒಂದು ಅಂಕಿ ಬದಲಾಗಿದ್ದಕ್ಕೆ ತೇರು ನಿಂತಲ್ಲೇ ನಿಂತ್ಬಿಡ್ತು! ದೂರದಿಂದ ನೋಡಿದೋರು "ಈ ಊರೋರಿಗೆ ಭಕ್ತಿ ಇಲ್ಲ" ಅಂತ ಹೇಳ್ಕೊಂಡು ಹೋಗ್ತಾರೆ, ನಿಜಕ್ಕೂ ತೇರು ಹೊರಟ ಊರು, ತೇರು ನಿಂತ ಊರು, ಎರಡರ ಭಕ್ತಿನೂ ಹೆಚ್ಚುಕಮ್ಮಿ ಒಂದೇ.

ನಾನು ಮೊದಲು ಇದಕ್ಕೆ ಮಂಡಕ್ಕಿ ಭಟ್ಟಿ ಹೋಲಿಕೆ ಕೊಡ್ತಿದ್ದೆ, ಕಾದ ಮರಳಲ್ಲಿ ಅಕ್ಕಿ ಹಾಕಿದ ತಕ್ಷಣ ಎಲ್ಲಾ ಒಟ್ಟಿಗೆ ಅರಳುತ್ತಲ್ಲ ಹಂಗೆ ಅಂತ. ಅದು ತಪ್ಪು. ಅಕ್ಕಿಕಾಳು ಪಕ್ಕದ ಕಾಳನ್ನ ನೋಡಿ ಅರಳಲ್ಲ, ತನ್ನೊಳಗಿನ ನೀರು ಆವಿಯಾಗಿ ಒತ್ತಿದ್ದಕ್ಕೆ ಅರಳುತ್ತೆ. ಆ ಫಾರ್ವರ್ಡ್ ಬರೆದೋನ ತಲೇಲೂ ಇದೇ ಮಂಡಕ್ಕಿ ಇದೆ, ಒಬ್ಬೊಬ್ರೂ ಮನೇಲಿ ಓದಿ ಒಬ್ಬೊಬ್ರೇ ಬಿಸಿಯಾದ್ರು ಅಂತ.

ಮನುಷ್ಯರ ತೊಂದ್ರೆ ಏನಂದ್ರೆ ಪಕ್ಕದವ್ನಿಗೆ ಎಷ್ಟು ಜನ ಕಾಣ್ಬೇಕು ಅನ್ನೋ ಅಂಕಿ ಅವ್ನ ಹೊಟ್ಟೇಲಿರುತ್ತೆ, ನಮಗೆ ಕಾಣಲ್ಲ. 1775ರ ಏಪ್ರಿಲಲ್ಲೇ ಗುಂಡು ಹಾರಿ ಯುದ್ಧ ಶುರುವಾಗಿತ್ತು, ಆದ್ರೂ ಜನ ರಾಜನನ್ನ ಬಿಟ್ಟು ಪಾರ್ಲಿಮೆಂಟನ್ನ, ಮಂತ್ರಿಗಳನ್ನ ಬೈತಿದ್ರು. ದೊರೆ ಒಳ್ಳೇವ್ನು, ಸುತ್ತ ಇರೋರು ಸರಿಯಿಲ್ಲ, ಈ ಮಾತು ನಮ್ಮಲ್ಲೂ ಕೇಳಿದೀರಲ್ಲ! ರಾಜಾನೇ ಬೇಡ ಅಂತ ಎಷ್ಟೋ ಜನಕ್ಕೆ ಒಳಗೊಳಗೇ ಅನ್ನಿಸಿರಬಹುದು, ಹೇಳಿದ್ರೆ ರಾಜದ್ರೋಹ. ಹೆಂಡದಂಗಡಿಲಿ ಯಾರೋ ಆ ಸಾಲನ್ನ ಜೋರಾಗಿ ಓದಿದಾಗ ನಾನು ಕೇಳಿದೆ, ನೀನೂ ಕೇಳಿದೆ, ನೀನು ಕೇಳಿ ಎದ್ದುಹೋಗ್ಲಿಲ್ಲ ಅನ್ನೋದನ್ನ ನಾನು ನೋಡಿದೆ, ನಾನು ನೋಡಿದ್ದನ್ನ ನೀನೂ ನೋಡಿದೆ. ಕಟಿಂಗ್ ಶಾಪಲ್ಲಿ ಎದುರುಬದುರು ಕನ್ನಡಿ ಇರುತ್ತಲ್ಲ, ಒಂದರೊಳಗೆ ಒಂದು, ಹಂಗೆ. ಅದೇ ವಾದ, ಅದೇ ಮಾತು, ಆದ್ರೆ ಒಬ್ಬನೇ ಕದ್ದು ಓದಿದ್ರೆ ಈ ಕನ್ನಡಿ ಇಲ್ಲ.

ಇದಕ್ಕೆ ಪೇಯ್ನ್ ಜೀವನದಲ್ಲೇ ಒಂದು ಮಜಾ ಪುರಾವೆ ಇದೆ. ಈ ಮಹಾಶಯ ಮೊದಲು ಇಂಗ್ಲೆಂಡಲ್ಲಿ ಹೆಂಗಸರ ಬಿಗಿ ಒಳಕುಪ್ಪಸ ಹೊಲೀತಿದ್ದ, ಆಮೇಲೆ ಅಬಕಾರಿ ಆಫೀಸರ್ ಆದ. 1772ರಲ್ಲಿ ನಮ್ಮ ಸಂಬಳ ಸಾಲಲ್ಲ ಅಂತ ಒಂದು ಕರಪತ್ರ ಬರೆದು ಪಾರ್ಲಿಮೆಂಟ್ ಸದಸ್ಯರಿಗೆ ಹಂಚಿದ. ಸಂಬಳ ಏರ್ಲಿಲ್ಲ, 1774ರಲ್ಲಿ ಕೆಲಸಾನೂ ಹೋಯ್ತು. ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಪರಿಚಯ ಪತ್ರ ಹಿಡ್ಕೊಂಡು ಅಮೆರಿಕಕ್ಕೆ ಬಂದು ವರ್ಷ ಒಂದು ಚಿಲ್ರೆ ಆಗೋದ್ರೊಳಗೆ 'ಕಾಮನ್ ಸೆನ್ಸ್'. ಪೆನ್ನಿನ ಶಕ್ತಿ ಅಂತೀರಲ್ಲ, ಪೆನ್ನು ಅದೇ ತಾನೆ? ಸಂಬಳ ಕೇಳೋದಕ್ಕೂ ರಾಜನನ್ನ ಬೇಡ ಅನ್ನೋದಕ್ಕೂ ವ್ಯತ್ಯಾಸ ಇದೆ, ಸರಿ, ಆದ್ರೂ ಮೊದಲನೇದು ಮೇಜಿಂದ ಮೇಜಿಗೆ ಹೋಯ್ತು, ಎರಡನೇದು ಕಟ್ಟೆಗೆ ಹೋಯ್ತು.

ಹೆಸರಿನ ಕಥೆನೂ ಹೇಳಿಬಿಡ್ತೀನಿ. ಪೇಯ್ನ್ ಇಡ್ಬೇಕು ಅಂತಿದ್ದ ಹೆಸರು 'ಪ್ಲೇನ್ ಟ್ರುತ್', 'ಕಾಮನ್ ಸೆನ್ಸ್' ಅಂತ ಇಡು ಅಂದೋನು ಡಾಕ್ಟರ್ ಬೆಂಜಮಿನ್ ರಶ್. ಖಾಲಿ ಬಿದ್ದಿದ್ದ ಆ ಹೆಸರನ್ನೇ ಎತ್ಕೊಂಡು ಜೇಮ್ಸ್ ಚಾಮರ್ಸ್ ಅನ್ನೋ ರಾಜನ ಕಡೆಯವ್ನು ಪೇಯ್ನ್ ವಿರುದ್ಧ ಒಂದು ಕರಪತ್ರ ಬರೆದ. ಅದು ಯಾರಿಗೆ ನೆನಪಿದೆ?

ಎಲ್ಲರಿಗೂ ಕಾಣೋ ಹಂಗೆ ಮಾಡೋ ಈ ಕನ್ನಡಿ ನಮ್ಮಲ್ಲೂ ಇತ್ತು. ನಮ್ಮ ಚಿತ್ರದುರ್ಗ ಜಿಲ್ಲೆಯ ತುರುವನೂರಲ್ಲಿ 1939ರಲ್ಲಿ ಈಚಲು ಮರ ಕಡಿಯೋ ಸತ್ಯಾಗ್ರಹ ನಡೀತು, ಎಸ್. ನಿಜಲಿಂಗಪ್ಪನವರು ಇದ್ದ ಹೋರಾಟ. ಹೆಂಡದ ಮರ, ಅಂದ್ರೆ ಮತ್ತೆ ಅಬಕಾರಿ, ಪೇಯ್ನ್ ಇಲಾಖೆನೇ! ರಾತ್ರಿ ಕದ್ದು ಕಡಿದಿದ್ರೂ ಮರ ಬೀಳ್ತಿತ್ತು, ಆದ್ರೆ ಯಾರ ಕೈಲಿ ಕೊಡಲಿ ಇತ್ತು ಅನ್ನೋದು ಊರಿಗೆ ಕಾಣ್ತಿರ್ಲಿಲ್ಲ.

ಇಷ್ಟನ್ನೂ ಚಿಕ್ಕದಾಗಿ ಟೈಪ್ ಮಾಡಿ ಗ್ರೂಪಿಗೆ ಹಾಕಿದೆ. ಮೂವತ್ತೆಂಟು ಜನ ನೋಡಿದಾರೆ ಅಂತ ಫೋನು ತೋರಿಸ್ತು, ಯಾರೂ ತುಟಿ ಬಿಚ್ಚಲಿಲ್ಲ. ಮಾರನೇ ದಿನ ಬೆಳಿಗ್ಗೆ ಅದೇ ಫಾರ್ವರ್ಡ್ ನಮ್ಮ ಮಾವನ ಕಡೆ ಗ್ರೂಪಿಂದ ಬಂತು, ಐದು ಲಕ್ಷ ಹೋಗಿ ಹತ್ತು ಲಕ್ಷ ಆಗಿತ್ತು.