‘ನನಗ ಬರಂಗಿಲ್ಲ’ ಅನ್ನೋದನ್ನ ಮಗ ಎಲ್ಲಿ ಕಲಿತ?

ಪ್ರಶ್ನೆ: ನಮ್ಮೂರು ಜಮಖಂಡಿ ಹತ್ತಿರ. ಮಗನಿಗೆ 7 ವರ್ಷ. ಹೋದ ವರ್ಷದ ತನಕ ಅಜ್ಜಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ತಾನೂ ಅಂಗೈಯಷ್ಟು ರೊಟ್ಟಿ ಬಡಿಯುತ್ತಿದ್ದ. ಈಗ ಕರೆದರೆ ‘ಅದು ಹೆಣ್ಮಕ್ಕಳ ಕೆಲ್ಸ, ನನಗ ಬರಂಗಿಲ್ಲ’ ಅಂತಾನೆ. ದೇವರಾಣೆ, ನಾವ್ಯಾರೂ ಹಾಗೆ ಹೇಳಿಕೊಟ್ಟಿಲ್ಲ. ಗಂಡುಮಕ್ಕಳಿಗೆ ಇದು ಹುಟ್ಟಿನಿಂದಲೇ ಬರುತ್ತಾ?

ಅಕ್ಕಾ, ಈ ಪ್ರಶ್ನೆ ನನಗೆ ಬೇರೆ ಬೇರೆ ವೇಷದಲ್ಲಿ ತುಂಬಾ ಬರುತ್ತೆ. ಮಗಳು ಸೈಕಲ್ ಬಿಟ್ಟಳು, ಮಗ ಎಲ್ಲರೆದುರು ಅಳೋದು ಬಿಟ್ಟ, ಮಗಳು ಗಣಿತ ಅಂದ್ರೆ ಮುಖ ತಿರುಗಿಸ್ತಾಳೆ. ಎಲ್ಲದರ ಕೊನೆಗೂ ಇದೇ ಸಾಲು, ನಾವು ಹೇಳಿಕೊಟ್ಟಿಲ್ಲ. ನಿಜ, ಹೇಳಿಕೊಟ್ಟಿರಲ್ಲ. ಅವನಿಗೆ ಕಣ್ಣಿದೆ, ಅಷ್ಟು ಸಾಕು.

ಮೊದಲು ವಯಸ್ಸಿನ ಲೆಕ್ಕ. ಎರಡು ಮೂರು ವರ್ಷಕ್ಕೆ ಮಕ್ಕಳು ‘ನಾನು ಹುಡುಗ, ನಾನು ಹುಡುಗಿ’ ಅಂತ ಹೇಳೋಕೆ ಶುರು ಮಾಡ್ತಾರೆ. ಆದರೆ ಆ ವಯಸ್ಸಿನ ಮಗುವಿಗೆ ಇದು ಖಾಯಂ ಅಂತ ಗೊತ್ತಿರಲ್ಲ, ಫ್ರಾಕ್ ಹಾಕಿದರೆ ಹುಡುಗಿ ಆಗಿಬಿಡಬಹುದು ಅಂದುಕೊಂಡಿರುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲೇ ಇದನ್ನ ಬರೆದರು. ಐದರಿಂದ ಏಳು ವರ್ಷದ ಹೊತ್ತಿಗೆ ಮಕ್ಕಳು ಈ ವಿಷಯದಲ್ಲಿ ದೊಡ್ಡವರಿಗಿಂತ ಜಾಸ್ತಿ ಕಟ್ಟುನಿಟ್ಟು. ಹೊಸದಾಗಿ ನಿಯಮ ಕಲಿತವರು ಹಾಗೇ ಅಲ್ವಾ, ಲೈಸೆನ್ಸ್ ಸಿಕ್ಕ ಮೊದಲ ವಾರ ಎಲ್ಲರೂ ಇಂಡಿಕೇಟರ್ ಹಾಕ್ತಾರೆ! ನಿಮ್ಮ ಮಗ ಈಗ ಆ ವಾರದಲ್ಲಿದ್ದಾನೆ.

ನಿಯಮ ಎಲ್ಲಿಂದ ತೆಗೆದ ಅಂತೀರಾ? ಅವನ ಜಾಗದಲ್ಲಿ ಕೂತು ಒಂದು ಮದುವೆ ನೋಡಿ. ನಮ್ಮ ಕಡೆ ಮದುವೆ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ಮುಂದೆ ನಿಂತವರು ಗಂಡಸರು. ಅವರಿಗೆ ಅಡುಗೆ ಭಟ್ಟರು ಅಂತ ಮರ್ಯಾದೆ, ಮುಂಗಡ, ಹೋಗುವಾಗ ಎಲೆ ಅಡಿಕೆ. ಹಿಂದೆ ಶೆಡ್ಡಿನಲ್ಲಿ ನಾಲ್ಕು ಒಲೆ, ನಾಲ್ಕು ಹಂಚು, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ರೊಟ್ಟಿ ಬಡಿಯೋರು ಹೆಂಗಸರು. ಅಮೀನಗಡದ ಕರದಂಟು, ಬೆಳಗಾವಿ ಕುಂದಾ ಮಾಡೋ ಕಡೆಗೂ ಹೋಗಿ ನೋಡಿ, ಬಾಣಲೆ ಮುಂದೆ ನಾನು ನೋಡಿದ್ದು ಹೆಚ್ಚಾಗಿ ಗಂಡಸರನ್ನೇ. ಖಾನಾವಳಿಯಲ್ಲಿ ಗಲ್ಲಾ ಮೇಲೆ ಅಪ್ಪ, ಒಳಗೆ ರೊಟ್ಟಿ ಅವ್ವ. ಅಂದರೆ ಒಲೆ ಮುಂದೆ ನಿಲ್ಲೋದು ಹೆಂಗಸರ ಕೆಲಸ ಅಂತ ಯಾರೂ ತೀರ್ಮಾನ ಮಾಡಿಲ್ಲ. ಹೆಸರು, ದುಡ್ಡು ಎಲ್ಲಿ ಹೆಚ್ಚು ಬರುತ್ತೋ ಅಲ್ಲಿಗೆ ಒಲೆ ಗಂಡಸರ ಕೈಗೆ ಹೋಗುತ್ತೆ, ಉಳಿದದ್ದು ‘ಹೆಣ್ಮಕ್ಕಳ ಕೆಲ್ಸ’. ಏಳು ವರ್ಷದವನಿಗೆ ಇಷ್ಟು ಬಿಡಿಸಿ ಹೇಳೋಕೆ ಬರಲ್ಲ, ಆದರೆ ಯಾವ ಕಡೆ ನಿಂತರೆ ಮರ್ಯಾದೆ ಅನ್ನೋದು ಪಕ್ಕಾ ಗೊತ್ತಾಗುತ್ತೆ.

ಇನ್ನು ಮನೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ದಿನದಲ್ಲಿ ಕೈ ಹಾಕಿದ ಗಂಡಸರು ನೂರಕ್ಕೆ 26, ಹೆಂಗಸರು ನೂರಕ್ಕೆ 81. ಕೈ ಹಾಕಿದವರಲ್ಲೂ ಹೆಂಗಸರದ್ದು ಸರಾಸರಿ 299 ನಿಮಿಷ, ಗಂಡಸರದ್ದು 97. ಇದನ್ನೇ ದಿನಾ ನೋಡೋ ಮಗುವಿಗೆ ಬಾಯಿಪಾಠ ಯಾಕೆ ಬೇಕು?

ನನ್ನದೇ ಕಥೆ ಹೇಳ್ತೀನಿ. ನಾನು ಬೆಳೆದದ್ದು ಗುಳೇದಗುಡ್ಡದಲ್ಲಿ, ಖಣ ಅಂದರೆ ಕುಪ್ಪಸದ ಬಟ್ಟೆ ನೇಯೋ ಮನೆಯಲ್ಲಿ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದರು. ಅವ್ವ ಎದುರಿಗೆ ಕೂತು ರಾಟಿ ತಿರುಗಿಸಿ ಕಂಡಕಿ, ಅಂದರೆ ಲಾಳಿಯೊಳಗೆ ಇಡೋ ನೂಲಿನ ಸುರುಳಿ, ಸುತ್ತುತ್ತಿದ್ದಳು. ಕಂಡಕಿ ತಡವಾದರೆ ಲಾಳಿ ಖಾಲಿ, ಲಾಳಿ ಖಾಲಿಯಾದರೆ ಮಗ್ಗ ಬಂದ್. ಒಂದಿನ ಯಾವುದೋ ಕಾರ್ಡಿಗೆ ಹೆಸರು ಬರೆದುಕೊಳ್ಳೋಕೆ ಒಬ್ಬರು ಬಂದರು. ಅಪ್ಪನ ಹೆಸರಿನ ಮುಂದೆ ನೇಕಾರ ಅಂತ ಬರೆದು, ಅವ್ವನ ಕಡೆ ತಿರುಗಿ ‘ನೀವೇನ್ ಮಾಡ್ತೀರಿ ಬೇ?’ ಅಂದರು. ಅವ್ವ ರಾಟಿ ನಿಲ್ಲಿಸಲೂ ಇಲ್ಲ. ‘ನಾ ಏನ್ ಮಾಡ್ತೀನೋ ಯಪ್ಪಾ, ಮನ್ಯಾಗ ಇರ್ತೀನಿ.’ ಅವರು ಹಾಗೇ ಬರೆದುಕೊಂಡು ಹೋದರು.

ಅವ್ವ ನಾಚಿಕೆಯಿಂದ ಹಾಗಂದಿರಲಿಲ್ಲ. ತಾನೂ ನೇಕಾರಳು ಅಂತ ಅವಳಿಗೆ ಅನ್ನಿಸಿರಲೇ ಇಲ್ಲ. ನಾನೂ ನೇಯೋಕೆ ಕಲಿಯಲಿಲ್ಲ, ತಮ್ಮ ಕಲಿತ. ಯಾರೂ ತಡೆದದ್ದು ನೆನಪಿಲ್ಲ, ಕುಣಿಗೆ ಇಳಿಯಬೇಕು ಅಂತ ನನಗೇ ಅನ್ನಿಸಲಿಲ್ಲ. ಈಗ ನಲವತ್ತು ದಾಟಿದ ಮೇಲೆ, ಅದು ನನ್ನ ಇಷ್ಟವೇ ಆಗಿತ್ತಾ ಅಂತ ಕೇಳಿಕೊಂಡರೆ ಉತ್ತರ ಸಿಗಲ್ಲ. ನಿಮ್ಮ ಪ್ರಶ್ನೆ ಓದಿದಾಗ ಮೊದಲು ನೆನಪಾದದ್ದು ಆ ರಾಟಿ. ‘ಅದು ನಮ್ಮ ಕೆಲಸ ಅಲ್ಲ’ ಅನ್ನೋದು ಮೊದಲು ಬರುತ್ತೆ, ಆಮೇಲೆ ಕಲಿಯೋದು ನಿಲ್ಲುತ್ತೆ, ಕಲಿಯದ ಮೇಲೆ ನಿಜವಾಗಲೂ ಬರಲ್ಲ. ಆ ಬರಲ್ಲ ಅನ್ನೋದೇ ಕೊನೆಗೆ ‘ನಾನು ಇಂಥವಳು’ ಆಗಿಬಿಡುತ್ತೆ. ಅಮೆರಿಕದ ಮಕ್ಕಳ ಮೇಲೆ ನಡೆದ 2017ರ ಒಂದು ಅಧ್ಯಯನದಲ್ಲೂ ಇಂಥದ್ದೇ ಕಂಡಿತ್ತು. ಐದು ವರ್ಷದ ಹುಡುಗಿಯರು ಹುಡುಗರಷ್ಟೇ ಜೋರಾಗಿ ‘ತುಂಬಾ ಬುದ್ಧಿವಂತರು ನಮ್ಮವರೇ’ ಅಂದರು. ಆರು, ಏಳು ವರ್ಷದವರಲ್ಲಿ ಆ ಮಾತು ಕಡಿಮೆಯಾಗಿತ್ತು. ‘ತುಂಬಾ ತುಂಬಾ ಬುದ್ಧಿ ಇರೋರಿಗೆ’ ಅಂತ ಹೇಳಿದ ಆಟದಿಂದ ಅವರು ಹಿಂದೆ ಸರಿಯುತ್ತಿದ್ದರು.

‘ಹಾಗಾದ್ರೆ ಚೆನ್ನಮ್ಮನ ಕಥೆ ಹೇಳಿ ಬೆಳೆಸ್ತೀವಿ’ ಅಂತಾರೆ ಕೆಲವರು. ಹೇಳಿ, ಒಳ್ಳೇದೇ. ಆದರೆ 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಸತ್ತು ಇನ್ನೂರು ವರ್ಷ ಕಳೆದರೂ ಹುಡುಗಿ ಗಟ್ಟಿ ಮಾತಾಡಿದರೆ ಗಂಡುಬೀರಿ ಅನ್ನೋದು ನಿಂತಿಲ್ಲ. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದಾಗ ನಮ್ಮೂರಲ್ಲಿ ಕೇಳಿದ ಹೊಗಳಿಕೆ ಏನು ಗೊತ್ತಾ? ‘ಗಂಡ್ಮಗ ಇದ್ದಂಗ ಅದಾಳ!’ ಅಮೆರಿಕದ ಮನಶ್ಶಾಸ್ತ್ರಜ್ಞೆ ಸಾಂಡ್ರಾ ಬೆಮ್ 1981ರಲ್ಲಿ ವಿವರಿಸಿದ್ದು ಇದಕ್ಕೆ ಹತ್ತಿರದ್ದೇ. ಗಂಡು, ಹೆಣ್ಣು ಅನ್ನೋ ಎರಡು ಡಬ್ಬಿ ತಲೆಯಲ್ಲಿ ಒಮ್ಮೆ ಕೂತರೆ, ನೋಡಿದ್ದನ್ನೆಲ್ಲ ಯಾವುದಾದರೂ ಒಂದಕ್ಕೆ ತುರುಕೋದು ಸುಲಭ. ಡಬ್ಬಿಗೆ ಹಿಡಿಸದ ಹೆಂಗಸನ್ನ ಪಕ್ಕದ ಡಬ್ಬಿಗೆ ಹಾಕ್ತೀವಿ, ಡಬ್ಬಿ ಹಾಗೇ ಉಳಿಯುತ್ತೆ.

ಹುಟ್ಟಿನಿಂದ ಏನೂ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಹಾರ್ಮೋನಿನ ಪಾಲು ಇದೆ, ಗುದ್ದಾಟ ಓಡಾಟದ ಆಟದಲ್ಲಿ ಸರಾಸರಿ ವ್ಯತ್ಯಾಸ ಕಾಣುತ್ತೆ. ಜೋಳದ ಹಿಟ್ಟು ನಾದಬೇಡ ಅನ್ನೋ ಹಾರ್ಮೋನು ಮಾತ್ರ ಇಲ್ಲ.

ನೀವು ಕೇಳದ ಒಂದು ಪ್ರಶ್ನೆಯೂ ಇದೆ, ಮನೆಯ ಹಿರಿಯರ ಮನಸ್ಸಲ್ಲಿ ಇರುತ್ತೆ. ಹುಡುಗ ರೊಟ್ಟಿ ಬಡಿದರೆ, ರಂಗೋಲಿ ಹಾಕಿದರೆ ‘ಹೆಣ್ಣಪ್ಪಿ’ ಆಗಿಬಿಡ್ತಾನಾ ಅಂತ. ಕೆಲಸದಿಂದ ಯಾರೂ ಹಾಗೆ ಆಗಲ್ಲ. ಒಳಗೇ ಬೇರೆ ಭಾವ ಇರೋರನ್ನ ಬೈದು ಬದಲಾಯಿಸೋಕೂ ಆಗಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ದೇವಿಗೆ ಮುಡಿಪಾಗಿ ಸೀರೆ ಉಟ್ಟು ಹೆಣ್ಣಿನ ಭಾವದಲ್ಲಿ ಬದುಕೋ ಜೋಗಪ್ಪನ ಮುಂದೆ ಕೈ ಮುಗಿದು ಭಂಡಾರ ಹಚ್ಚಿಸಿಕೊಳ್ತೀವಿ, ಅದೇ ಜೋಗಪ್ಪ ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಹಾಕ್ತೀವಿ. ಮೂರನೇ ಲಿಂಗವನ್ನ ಸುಪ್ರೀಂ ಕೋರ್ಟ್ ಒಪ್ಪಿದ್ದು 2014ರಲ್ಲಿ, ನಮ್ಮ ಓಣಿ ಇನ್ನೂ ಒಪ್ಪಬೇಕು. ಅದೇ ಒಂದು ದೊಡ್ಡ ವಿಷಯ, ಇನ್ನೊಮ್ಮೆ ಬರೀತೀನಿ.

ಈಗ ಏನು ಮಾಡೋದು? ಮಗನನ್ನ ಕೂರಿಸಿ ಸಮಾನತೆ ಬಗ್ಗೆ ಭಾಷಣ ಮಾಡಬೇಡಿ, ಅವನು ಓಡಿಹೋಗ್ತಾನೆ. ಅಜ್ಜಿಗೆ ಒಂದು ಮಾತು ಹೇಳಿಡಿ. ಅವನು ‘ನನಗ ಬರಂಗಿಲ್ಲ’ ಅಂದಾಗ ‘ಇನ್ನಾ ಕಲ್ತಿಲ್ಲ ಅನ್ನು’ ಅಂತ ನಕ್ಕು ತಿದ್ದಲಿ. ಅದಕ್ಕಿಂತ ಮುಖ್ಯ ಕೆಲಸ ನಿಮ್ಮ ಯಜಮಾನರದ್ದು. ವಾರಕ್ಕೊಮ್ಮೆ ಅವರು ಹಂಚಿನ ಮುಂದೆ ಕೂರಲಿ. ನಿಮಗೆ ಸಹಾಯ ಮಾಡ್ತಾ ಇದ್ದೀನಿ ಅನ್ನೋ ಮುಖ ಬೇಡ, ಸುಮ್ನೆ ಕೂರಲಿ. ನೀರು ಚೆನ್ನಾಗಿ ಕುದಿಸಿ ಹಿಟ್ಟಿಗೆ ಹಾಕಿ, ಅಂಟು ಬರೋ ತನಕ ನಾದೋಕೆ ಹೇಳಿ. ಅಂಟು ಬರದಿದ್ದರೆ ಅಂಚು ಒಡೆಯುತ್ತೆ, ಎತ್ತಿ ಹಂಚಿಗೆ ಹಾಕುವಾಗ ಹರಿಯುತ್ತೆ. ಮೊದಮೊದಲು ಹರಿದೇ ಹರಿಯುತ್ತೆ. ಮಗ ನಗ್ತಾನೆ, ನಗಲಿ. ಬಿಸಿ ಇರುವಾಗಲೇ ಆ ಹರಿದ ರೊಟ್ಟಿಗೆ ಬೆಳ್ಳುಳ್ಳಿ, ಉಪ್ಪು, ಖಾರ, ಒಂದಿಷ್ಟು ಎಣ್ಣೆ ಹಾಕಿ ಮುಟಗಿ ಮಾಡಿ, ಮೊದಲ ಉಂಡೆ ಅವನ ಕೈಗೇ ಕೊಡಿ.